ಡಬ್ಬಿ ಬದಲ್ ಮಾಡೂದು ಬ್ಯಾರೆ, ಹೊಸಾದು ಕೂಡ್ಸೂದು ಬ್ಯಾರೆ

ನಮ್ಮತ್ತಿ ಎದ್ಯಾಗ ಒಂದು ಮಷೀನ ಅದ. ಇದು ನಿಮಗೆಲ್ಲ ಗೊತ್ತಿದ್ದ ಮಾತೇ. ಸೇಡಂದಾಗಿನ ನಮ್ಮ ಮನಿಗಿ ಯಾರೇ ಬಂದ್ರೂ ಚಹಾ ಬರೂಕಿಂತ ಮೊದಲು ಸೆರಗ ಜರಾ ಸರಸಿ, ಎಡ ಹೆಗಲಿನ ಕೆಳಗ ಬೆಂಕಿಪೆಟ್ಟಿಗಿ ಅಷ್ಟು ಉಬ್ಬಿದ ಜಾಗಾ ತೋರಸ್ತಾರ. "ನೋಡವ್ವ, ನಂದೆಲ್ಲ ನಡೂದು ಸೆಲ್ಲಿನ ಮ್ಯಾಲ" ಅಂತ ನಗ್ತಾರ. ಒಂಬತ್ತು ವರ್ಷ ಹಿಂಗೇ ನಕ್ಕೋತ ಬಂದ್ರು. ಹೋದ ಎಳ್ಳ ಅಮಾಸಿಗಿ ಹೊಲಕ್ಕ ಹೋದಾಗ ಆ ನಗಿ ನಿಂತಿತು.

ಚರಗ ಚೆಲ್ಲಿ ಬಂದು, ಭಜ್ಜಿ ಕಡಬು ಬಡಿಸೂ ಹೊತ್ತಿನ್ಯಾಗ ಅತ್ತಿ ತೊಗರಿ ಸಾಲಿನ ಬಲ್ಲಿ ಹಂಗೇ ಕುಂತಬಿಟ್ರು. ಕಣ್ಣಿಗಿ ಕತ್ತಲಿ ಬಂತಂತ. ಯಾವಾಗಿಂದ ಅಂತ ಕೇಳಿದ್ರ, "ದಸರಾದಿಂದ ಹಿಂಗೇ ಅದ, ನಿಮಗ ಯಾಕ ತ್ರಾಸ ಕೊಡಬೇಕಂತ ಹೇಳಿಲ್ಲ" ಅಂದ್ರು. ದಸರಾದಿಂದ ಎಳ್ಳ ಅಮಾಸಿ ತನಕ! ಗಂಡಸರಿಗಿ ಒಂದು ದಿನ ನೆಗಡಿ ಬಂದ್ರ ಓಣಿಗೆಲ್ಲ ಗೊತ್ತಾಗ್ತದ. ಇರ್ಲಿ, ಆ ಮಾತು ಇನ್ನೊಂದಿನ ಬರೀತೀನಿ.

ಇವತ್ತ ನಾ ಬರಿಲತ್ತಿದ್ದು ಮಷೀನಿನ ಬಿಲ್ಲಿನ ಬಗ್ಗಿ. ಬಿಲ್ಲಿನ್ಯಾಗೂ ರೊಕ್ಕದ ಬಗ್ಗಿ ಅಷ್ಟಲ್ಲ, ರೊಕ್ಕದ ಎಡಗಡಿ ಸಣ್ಣ ಅಕ್ಷರದಾಗ ಬರೆಯೋ ಕೆಲಸದ ಹೆಸರು, ಅದರ ಬಾಜೂಕಿನ ನಂಬರ್, ಅದರ ಬಗ್ಗಿ. ಅದಕ್ಕ ಕೋಡ್ ಅಂತಾರ. ನಾವು ಹೆಣಮಕ್ಕಳು ಕಿರಾಣಿ ಚೀಟಿ ಸಾಲ ಸಾಲ ಓದ್ತೀವಿ, ಅರ್ಧ ಕಿಲೋ ಬ್ಯಾಳಿ ಹೆಚ್ಚು ಬರದಿದ್ರ ಹೊಳ್ಳಿ ಅಂಗಡಿಗಿ ಹೋಗಿ ಜಗಳಾ ಮಾಡ್ತೀವಿ. ದವಾಖಾನಿ ಬಿಲ್ಲಿಗಿ ಮಾತ್ರ ಕೈ ಮುಗಿದು ಅಂಗೂಠಾ ಒತ್ತಿ ಬರ್ತೀವಿ. ಇದು ತಪ್ಪು ಅಂತ ನನ್ನ ಅಭಿಪ್ರಾಯ. ಯಾಕ ಅಂತ ಹೇಳ್ತೀನಿ ಕೇಳ್ರಿ.

ಮೊದಲು ಮಷೀನಿಂದು ತಿಳ್ಕೊಳ್ರಿ. ಪೇಸ್ಮೇಕರ್ ಅಂದ್ರ ಎರಡು ಭಾಗ. ಒಂದು ಡಬ್ಬಿ, ಅದು ಚರ್ಮದ ಕೆಳಗ ಇರ್ತದ. ಇನ್ನೊಂದು ವಾಯರು, ಅದು ನರದೊಳಗಿಂದ ಹೋಗಿ ಗುಂಡಿಗಿ ಒಳಗ ಕೂಡ್ತದ. ಕೆಲವರಿಗಿ ಒಂದೇ ವಾಯರು, ಕೆಲವರಿಗಿ ಎರಡು, ಗುಂಡಿಗಿ ಬಾಳ ಸೋತವರಿಗಿ ಮೂರೂ ಹಾಕ್ತಾರ. ಒಂದು ವಾಯರು ಅಂದ್ರ ಹಲ್ಕಾ, ಎರಡು ಅಂದ್ರ ಭಾರಿ ಅಂತಲ್ಲ. ರೋಗ ನೋಡಿ ಹಾಕೂದು. ಗುಂಡಿಗಿ ಮ್ಯಾಲಿನ ಕೋಣಿ ಕಾಯಂ ಅಡ್ಡಾದಿಡ್ಡಿ ಬಡ್ಕೊಳ್ಳೋರಿಗಿ ಅಲ್ಲಿ ವಾಯರು ಕೂಡ್ಸಿ ಏನೂ ಉಪಯೋಗ ಇಲ್ಲ, ಅವರಿಗಿ ಒಂದೇ ಸಾಕು. ನಮ್ಮತ್ತಿದೂ ಅಂಥದೇ.

ಡಬ್ಬಿ ಒಳಗ ಲಿಥಿಯಂ ಬ್ಯಾಟ್ರಿ ಇರ್ತದ. ಏಳೆಂಟು ವರ್ಷದಿಂದ ಹತ್ತು ಹನ್ನೆರಡು ವರ್ಷದ ತನಕ ನಡೀತದ, ಎಷ್ಟು ದುಡಿತದ ಅದರ ಮ್ಯಾಲ. ಟಾರ್ಚಿನ ಸೆಲ್ ತೆಗೆದು ಹಾಕಿದಂಗ ಬರೇ ಬ್ಯಾಟ್ರಿ ಬದಲ್ ಮಾಡ್ಲಿಕ್ಕ ಬರಂಗಿಲ್ಲ, ಯಾಕಂದ್ರ ಡಬ್ಬಿಗಿ ಪೂರಾ ಬೆಸುಗಿ ಹಾಕಿರ್ತಾರ. ಅದಕ್ಕ ಡಬ್ಬಿನೇ ತೆಗೆದು ಹೊಸಾ ಡಬ್ಬಿ ಕೂಡ್ಸ್ತಾರ. ವಾಯರು ಛಲೋ ಇದ್ರ ಹಳೇದೇ ಇಡ್ತಾರ, ತಪಾಸಿ ಮಾಡಿ ಹೊಸಾ ಡಬ್ಬಿಗಿ ಜೋಡಸ್ತಾರ. ಆ ಜಾಗಾ ಅಷ್ಟೇ ಮರಗಟ್ಟಿಸಿ ಮಾಡೂ ಕೆಲಸ, ಎಲ್ಲಾ ಸರಿ ಇದ್ರ ಸುಮಾರು ಒಂದು ತಾಸು. ಆದ್ರ ಸಣ್ಣ ಕೆಲಸ ಅಂತ ಹಗುರ ತಿಳೀಬ್ಯಾಡ್ರಿ. ಹಳೇ ಗಾಯದ ಜಾಗಾ ಮತ್ತ ಕೊಯ್ಯೂದ್ರಿಂದ ಕೀವು ಆಗೂ ಅಂಜಿಕಿ ಮೊದಲನೇ ಸಲಕ್ಕಿಂತ ಎರಡನೇ ಸಲಕ್ಕ ಜಾಸ್ತಿ.

ಇನ್ನೊಂದು ಮುಖ್ಯ ಮಾತು. ಈ ಬ್ಯಾಟ್ರಿ ದಪ್ಪಂತ ಆರಂಗಿಲ್ಲ. ಮುಗೀಲಿಕ್ಕ ಬಂದಾಗ ಮಷೀನೇ ಗುರ್ತು ಕೊಡ್ತದ. ತಪಾಸಣಿ ಮಾಡೂ ಕಂಪ್ಯೂಟರ್ ಎದಿ ಮ್ಯಾಲ ಹಿಡಿದಾಗ "ಬದಲ್ ಮಾಡೂ ಟೈಮ್ ಬಂತು" ಅಂತ ತೋರಸ್ತದ. ಅಲ್ಲಿಂದ ಪೂರಾ ಮುಗಿಯೂ ತನಕ ಸಾಮಾನ್ಯ ಮೂರು ತಿಂಗಳು ಸಿಗ್ತದ. ಈ ಮೂರು ತಿಂಗಳಿನ್ಯಾಗೇ ನಮ್ಮ ಎಲ್ಲಾ ಕತಿ ಅದ.

ನಮ್ಮತ್ತಿಗಿ ವರ್ಷಕ್ಕೊಮ್ಮಿ ತಪಾಸಣಿ ಮಾಡಸ್ಬೇಕಿತ್ತು. ಹಿಂದಿನ ಎರಡು ವರ್ಷ ನಾವು ಕರ್ಕೊಂಡು ಹೋಗೇ ಇಲ್ಲ. ಒಮ್ಮಿ ಮದಿವಿ ಬಂತು, ಒಮ್ಮಿ ಮಳಿ ಬಂತು. ತಪ್ಪು ನಮ್ಮದೇ. ಅಮಾಸಿ ಆದ ಮರುದಿನ ಕಲಬುರ್ಗಿಗಿ ಒಂದು ಖಾಸಗಿ ದವಾಖಾನಿಗಿ ಒಯ್ದ್ರು ನಮ್ಮ ಮೈದುನ. ಡಾಕ್ಟರು ಮಷೀನ ನೋಡಿ, "ಬ್ಯಾಟ್ರಿ ಕಡೀಕ ಬಂದದ, ಡಬ್ಬಿ ಚೇಂಜ್ ಮಾಡ್ಬೇಕು, ಇವತ್ತೇ ಅಂತೇನಿಲ್ಲ, ಖರೆ ಬಾಳ ತಡಾ ಮಾಡಬ್ಯಾಡ್ರಿ" ಅಂದ್ರು. ಎರಡು ಮಾತು, ಸ್ವಚ್ಛ. ಅಲ್ಲಿಂದ ಕೆಳಗ ಬಿಲ್ಲಿಂಗ್ ಕೌಂಟರಿಗಿ ಬಂದ್ವಿ. ಅಲ್ಲಿ ಕುಂತ ಹುಡುಗ ಟಕಾ ಟಕಾ ಒತ್ತಿ ಒಂದು ಅಂದಾಜು ಪಟ್ಟಿ ಕೊಟ್ಟ. ಎರಡು ಲಕ್ಷ ಹದಿನೈದು ಸಾವಿರ. "ಪೇಸ್ಮೇಕರ್ ಇಂಪ್ಲಾಂಟೇಶನ್, ಡಬಲ್ ಚೇಂಬರ್" ಅಂತ ಬರದಿತ್ತು.

ಮೈದುನ ಏನೂ ಕೇಳಲಿಲ್ಲ. ಹೊರಗ ಬಂದು ಅಡತಿ ಅಂಗಡಿಯವರಿಗಿ ಫೋನ್ ಹಚ್ಚಿದ. ತೊಗರಿ ಇನ್ನೂ ಹೊಲದಾಗೇ ನಿಂತದ, ರಾಶಿ ಆಗೂಕಿಂತ ಮೊದಲೇ ಅದರ ಮ್ಯಾಲ ರೊಕ್ಕ ಎತ್ತೂದು ಅಂದ್ರ ಏನಂತ ನಿಮಗ ನಾ ಹೇಳ್ಬೇಕಾ? ಕೈ ಚಾಚಿದವನ ತೊಗರಿಗಿ ಯಾವ ರೇಟ್ ಸಿಗ್ತದ ಎಲ್ಲಾರಿಗೂ ಗೊತ್ತದ. ಅತ್ತಿ ಬೆಂಚಿನ ಮ್ಯಾಲ ಕುಂತು ಎಲ್ಲಾ ಕೇಳ್ಲತ್ತಿದ್ರು. "ಇರ್ಲಿ ಬಿಡು ಯವ್ವಾ, ನಂದಿನ್ನೇನ ಉಳಿದದ, ತೊಗರಿ ಮ್ಯಾಲ ಸಾಲ ಮಾಡಬ್ಯಾಡ್ರಿ, ಮನಿಗಿ ನಡೀರಿ" ಅಂದ್ರು.

ಆ ಮಾತು ನನಗ ಸೂಜಿ ಚುಚ್ಚಿದಂಗ ಆಯ್ತು. ಆ ಪಟ್ಟಿ ತಗೊಂಡು ಫೋಟೋ ಹೊಡದು ನಮ್ಮ ಅಕ್ಕನ ಮಗಳಿಗಿ ಕಳಿಸ್ದೆ. ವಾಡಿ ಹುಡುಗಿ, ಹೈದರಾಬಾದಿನ್ಯಾಗ ಮೆಡಿಕಲ್ ಕೋಡಿಂಗ್ ಅಂತ ಕೆಲಸ ಮಾಡ್ತಾಳ. ನಮ್ಮ ಕಡಿ ಈಗ ಹತ್ತಾರು ಹುಡುಗಿಯರು ಈ ಕೆಲಸಕ್ಕ ಹೋಗ್ಯಾರ, ರೈಲು ಹತ್ತಿದ್ರ ಹೈದರಾಬಾದೇನು ದೂರ ಅಲ್ಲ. ನಾ ಇಷ್ಟು ದಿನ ಕೋಡಿಂಗ್ ಅಂದ್ರ ಕಂಪ್ಯೂಟರ್ ಪ್ರೋಗ್ರಾಮ್ ಬರೆಯೂದಂತ ತಿಳ್ಕೊಂಡಿದ್ದೆ. ಅಲ್ಲಂತ. ಅಮೆರಿಕದ ದವಾಖಾನಿಗಳ ಆಪರೇಶನ್ ಕಾಗದ ಓದಿ, ಯಾವ ಕೆಲಸಕ್ಕ ಯಾವ ನಂಬರ್ ಅಂತ ಹಚ್ಚೂ ಕೆಲಸ. ಆ ನಂಬರಿನ ಮ್ಯಾಲೇ ಅಲ್ಲಿ ವಿಮಾ ಕಂಪನಿ ರೊಕ್ಕ ಕೊಡ್ತದ. ಅಂದ್ರ ಸಾವಿರಾರು ಮೈಲಿ ಆಚಿಗಿ ಯಾರೋ ಅಜ್ಜಿ ಎದಿ ಕೊಯ್ದದ್ದರ ಲೆಕ್ಕ ನಮ್ಮ ವಾಡಿ ಹುಡುಗಿ ಬರೀತಾಳ, ನಮ್ಮ ಅಜ್ಜಿದು ಮಾತ್ರ ನಮಗೇ ಗೊತ್ತಿಲ್ಲ.

ಫೋಟೋ ನೋಡಿ ಆಕಿ ಮೊದಲು ಕೇಳಿದ್ದು, "ಚಿಗವ್ವ, ಅಜ್ಜಿಗಿ ವಾಯರ್ ಎಷ್ಟವ?" ಅಂತ. ನನಗೇನು ಗೊತ್ತು. "ವಾಯರ್ ಹಳೇದೇ ಇಡ್ತಾರೋ ಹೊಸಾದು ಹಾಕ್ತಾರೋ?" ಅದೂ ಗೊತ್ತಿಲ್ಲ. "ಹಂಗಾದ್ರ ಸಹಿ ಹಾಕಬ್ಯಾಡ" ಅಂದಳು.

ಆಕಿ ಹೇಳಿದ್ದು ನಿಮಗೂ ಬಿಡಿಸಿ ಹೇಳ್ತೀನಿ. ಅಮೆರಿಕದಾಗ ಇವು ಬ್ಯಾರೆ ಬ್ಯಾರೆ ಕೆಲಸ, ಬ್ಯಾರೆ ಬ್ಯಾರೆ ನಂಬರ್. ಹೊಸದಾಗಿ ಡಬ್ಬಿ ಮತ್ತ ಗುಂಡಿಗಿ ಕೆಳಗಿನ ಕೋಣಿಗಿ ಒಂದು ವಾಯರ್ ಹಾಕಿದ್ರ 33207. ಎರಡೂ ಕೋಣಿಗಿ ವಾಯರ್ ಹಾಕಿದ್ರ 33208. ವಾಯರ್ ಹಳೇದೇ ಇಟ್ಟು ಬರೇ ಡಬ್ಬಿ ತೆಗೆದು ಡಬ್ಬಿ ಹಾಕಿದ್ರ, ಒಂದು ವಾಯರಿನವರಿಗಿ 33227, ಎರಡು ವಾಯರಿನವರಿಗಿ 33228, ಅದಕ್ಕೂ ಹೆಚ್ಚಿದ್ದವರಿಗಿ 33229. ಒಂದು ವಾಯರ್ ಇದ್ದವರಿಗಿ ಇನ್ನೊಂದು ಕೂಡ್ಸಿ ಡಬಲ್ ಮಾಡಿದ್ರ ಅದಕ್ಕೇ ಒಂದು ಬ್ಯಾರೆ ನಂಬರ್, 33214. ಮೊದಲು ಅಲ್ಲೂ ಹಳೇ ಡಬ್ಬಿ ತೆಗೆದದ್ದಕ್ಕ ಒಂದು, ಹೊಸಾದು ಹಾಕಿದ್ದಕ್ಕ ಒಂದು, ಹಿಂಗ ಎರಡು ನಂಬರ್ ಬರೀತಿದ್ರಂತ. 2012ರಿಂದ ಎರಡೂ ಕೂಡ್ಸಿ ಒಂದೇ ಮಾಡ್ಯಾರ, ತೆಗೆದು ಹಾಕೂದು ಒಂದೇ ಕೆಲಸ ಅಂತ.

ರೋಗಕ್ಕೂ ನಂಬರ್ ಅವ. ಅವು ಜಗತ್ತಿಗೆಲ್ಲ ಒಂದೇ ತರದ್ದು, ವಿಶ್ವ ಆರೋಗ್ಯ ಸಂಸ್ಥಾದವರು ಮಾಡಿದ್ದು, ಡಿಸ್ಚಾರ್ಜ್ ಕಾಗದದ ಮ್ಯಾಲ ನಮ್ಮಲ್ಲೂ ಬರೀತಾರ. ಝಡ್ 95.0 ಅಂದ್ರ ಈ ಮನಶ್ಯಾಳ ಮೈಯಾಗ ಮಷೀನ ಅದ, ಅಷ್ಟೇ. ಝಡ್ 45.0 ಅಂದ್ರ ಆ ಮಷೀನ ನೋಡಿಸ್ಲಿಕ್ಕ, ಸರಿ ಮಾಡಿಸ್ಲಿಕ್ಕ ಬಂದಾರ. ಟಿ 82.1 ಅಂದ್ರ ಮಷೀನ ಅಥವಾ ವಾಯರು ಕೆಟ್ಟದ. ಬ್ಯಾಟ್ರಿ ತನ್ನ ಆಯುಷ್ಯ ಮುಗಿಸಿದ್ದಕ್ಕೂ ಮಷೀನ ಕೆಟ್ಟದ್ದಕ್ಕೂ ಫರಕ ಅದ ನೋಡ್ರಿ. ಕೆಟ್ಟದ್ದಾದ್ರ ಕಂಪನಿ ವಾರಂಟಿ ಕೇಳೂ ಹಕ್ಕು ಬರ್ತದ. ಮುಗಿದದ್ದಾದ್ರ ಅದು ನಿಸರ್ಗ. ನಮ್ಮ ಬಾಯಾಗ ಎರಡಕ್ಕೂ "ಮಷೀನ ಹೋಯ್ತು" ಅಂತ ಒಂದೇ ಮಾತು.

ನಮ್ಮಲ್ಲಿ ಅಮೆರಿಕದ ಆ ಐದಂಕಿ ನಂಬರ್ ನಡಿಯಂಗಿಲ್ಲ. ನಮ್ಮದು ಪ್ಯಾಕೇಜ್ ಲೆಕ್ಕ. ಸರ್ಕಾರದ ಯೋಜನಾದಾಗ ಒಂದೊಂದು ಆಪರೇಶನ್‌ಗಿ ಒಂದು ಕೋಡ್, ಒಂದು ಕಟ್ಟಿದ ರಕಮು. ಅದರಾಗೇ ಡಾಕ್ಟರ್, ಔಷಧ, ಹಾಸಿಗಿ ಎಲ್ಲಾ ಬಂತು. ಖರೆ ತತ್ವ ಒಂದೇ. ಯಾವ ಸಾಲು ಒತ್ತಿದ್ರು ಅದರ ಮ್ಯಾಲ ರೊಕ್ಕ. ಹುಡುಗ ಯಾವ ಸಾಲು ಒತ್ತಿದ ಅಂತ ನಮ್ಮ ಮೈದುನ ಕೇಳಲಿಲ್ಲ, ಅಲ್ಲೇ ಬಿತ್ತು ಪೆಟ್ಟು.

ಈಗ ವಾಯರ್ ಎಷ್ಟು ಅಂತ ಎಲ್ಲಿ ನೋಡೂದು? ಮಷೀನ ಕೂಡ್ಸಿದಾಗ ಒಂದು ಕಾರ್ಡ್ ಕೊಟ್ಟಿರ್ತಾರ. ಅದರ ಮ್ಯಾಲ ಡಬ್ಬಿ ಮಾಡೆಲ್, ಸೀರಿಯಲ್ ನಂಬರ್, ವಾಯರ್ ಯಾವುದು, ಯಾವತ್ತ ಹಾಕಿದ್ದು, ಎಲ್ಲಾ ಇರ್ತದ. ಆ ಕಾರ್ಡ್ ನಾನೇ ಜೋಪಾನ ಮಾಡೀನಂತ ಎಲ್ಲಾರ ಮುಂದ ಜಂಬ ಕೊಚ್ಚಿದಕಿ. ಮನಿಗಿ ಬಂದು ಹುಡುಕಿದ್ರ ಇಲ್ಲ. ರೇಷನ್ ಕಾರ್ಡಿನ ಚೀಲದಾಗ ಇಲ್ಲ, ದೇವರ ಜಗಲಿ ಮ್ಯಾಲ ಇಲ್ಲ, ಗಾದಿ ಕೆಳಗ ಇಲ್ಲ. ಎರಡು ದಿನ ಮನಿ ತಲಿಕೆಳಗ ಮಾಡ್ದೆ. ಕಡೀಕ ಸಿಕ್ಕಿದ್ದು ಟ್ರಂಕಿನ್ಯಾಗ, ನನ್ನ ಮದಿವಿ ಇಳಕಲ್ ಸೀರಿ ಮಡಿಕಿ ಒಳಗ. ದಸರಾ ಸಾರಣಿ ಮಾಡುವಾಗ ಸೀರಿ ಒಳಗಿದ್ರ ಇಲಿ ಕಡಿಯಂಗಿಲ್ಲಂತ ನಾನೇ ಇಟ್ಟಿದ್ದೆ. ಆ ಎರಡು ದಿನ ಅತ್ತಿ ಮುಖ ನೋಡ್ಲಿಕ್ಕ ನಾಚಿಕಿ ಬಂತು.

ಕಾರ್ಡಿನ್ಯಾಗ ಸಾಫ್ ಬರದಿತ್ತು: ಸಿಂಗಲ್ ಚೇಂಬರ್, ಒಂದು ಲೀಡ್.

ಹೊಳ್ಳಿ ಹೋದ್ವಿ. ನಾದಿನಿ ಚಿತ್ತಾಪುರದಿಂದ ಬಂದಿದ್ದಳು, ದಾರಿ ಪೂರಾ "ವೈನಿ, ಡಾಕ್ಟರಿಗಿ ಕೋಡ್ ಗೀಡ್ ಕೇಳಬ್ಯಾಡ್ರಿ, ಸಿಟ್ಟಿಗಿ ಬರ್ತಾರ, ನಾಳಿ ಚಾಕು ಹಿಡಿಯೋರು ಅವರೇ" ಅಂತ ಹೇಳ್ಕೋತ ಬಂದಳು. ಈ ಅಂಜಿಕಿ ಎಲ್ಲಾರಿಗೂ ಅದ, ನನಗೂ ಇತ್ತು. ಆದ್ರ ನಾ ಕೋಡ್ ಅಂತ ಕೇಳಲೇ ಇಲ್ಲ. "ಸಾಹೇಬ್ರ, ಹಳೇ ವಾಯರ್ ಇಡ್ತೀರೋ, ತೆಗೀತೀರೋ? ಇನ್ನೊಂದು ಹೊಸಾ ವಾಯರ್ ಕೂಡ್ಸೂದದೇನು?" ಅಂತ ಅಷ್ಟೇ ಕೇಳ್ದೆ. ಡಾಕ್ಟರು ಸಿಟ್ಟಿಗಿ ಬರಲಿಲ್ಲ. "ಇಲ್ಲವ್ವ, ವಾಯರ್ ಛಲೋ ನಡದದ, ಬರೇ ಡಬ್ಬಿ" ಅಂದ್ರು. ಸಿಟ್ಟಿಗಿ ಬಂದವನು ಕೆಳಗಿನ ಕೌಂಟರಿನವನು. "ಸಿಸ್ಟಮ್ಮಿನ್ಯಾಗ ಹಂಗೇ ಬರ್ತದ" ಅಂದ. ಸಿಸ್ಟಮ್ ತಾನೇ ಒತ್ಕೋತದೇನಪ್ಪ? ಅರ್ಧ ತಾಸು ನಿಂತ ಮ್ಯಾಲ ಹೊಸಾ ಪಟ್ಟಿ ಬಂತು, ಒಂದು ಲಕ್ಷ ಇಪ್ಪತ್ತು ಸಾವಿರ. ಮೋಸ ಅಂತ ನಾ ಅನ್ನಂಗಿಲ್ಲ. ದಿನಾ ನೂರು ಮಂದಿಗಿ ಪಟ್ಟಿ ಮಾಡೂ ಹುಡುಗ, ಮ್ಯಾಲಿನ ಸಾಲು ಒತ್ತಿರಬೇಕು. ಖರೆ ಅವನ ಬೆರಳು ಒಂದು ಸಾಲು ಜಾರಿದ್ದಕ್ಕ ನಮ್ಮ ತೊಗರಿ ಹೋಗ್ತಿತ್ತು. ಅದಕ್ಕಿಂತ ಹೆಚ್ಚು, ನಮ್ಮತ್ತಿ "ನಡೀರಿ ಮನಿಗಿ" ಅಂದಿದ್ರು. ನಾವು ನಡದಿದ್ರ?

ಈ ಒಂದು ಲಕ್ಷ ಇಪ್ಪತ್ತು ಸಾವಿರನೂ ನಾವು ಕೊಡಲಿಲ್ಲ. ಮನಿ ಒಳಗ ಬಿಪಿಎಲ್ ಕಾರ್ಡ್ ಅದ. ಇಷ್ಟು ದಿನ ಅದು ಯಾಕ ನೆನಪಾಗಲಿಲ್ಲ ಅಂತೀರಿ? ನೆನಪಿತ್ತು. "ಕಾರ್ಡಿನ ಮ್ಯಾಲ ಹೋದ್ರ ಹಲ್ಕಾ ಮಷೀನ ಹಾಕ್ತಾರ" ಅಂತ ಮೈದುನ ಹಠ ಹಿಡಿದಿದ್ದ. ಚಿಂಚೋಳಿಯಕಿ ನಮ್ಮ ನೆಗೆಣ್ಣಿನೂ ಅದೇ ಮಾತು. ಇದು ನಮ್ಮ ಕಡಿ ಬಾಳ ಮಂದಿ ತಲಿ ಒಳಗ ಕುಂತಿದ್ದ ಮಾತು, ಇದರ ಮ್ಯಾಲೇ ನನಗ ಜಗಳ ಅದ. ಒಂಬತ್ತು ವರ್ಷದ ಕೆಳಗ ಅತ್ತಿಗಿ ಮೊದಲನೇ ಮಷೀನ ಕೂಡ್ಸಿದ್ದು ಯಾವುದರ ಮ್ಯಾಲ? ವಾಜಪೇಯಿ ಆರೋಗ್ಯಶ್ರೀ ಮ್ಯಾಲ. ಆ ಯೋಜನಾ ರಾಜ್ಯದಾಗ ಎಲ್ಲಕ್ಕಿಂತ ಮೊದಲು ಶುರು ಆಗಿದ್ದೇ ನಮ್ಮ ಕಲಬುರ್ಗಿ ವಿಭಾಗದಾಗ, 2010ರಾಗ. ಅದೇ ಕಾರ್ಡಿನ "ಹಲ್ಕಾ" ಮಷೀನ ಒಂಬತ್ತು ವರ್ಷ ನಮ್ಮತ್ತಿಯನ್ನ ಹೊಲಕ್ಕ, ಜಾತ್ರಿಗಿ, ನಾಗಾವಿ ಯಲ್ಲಮ್ಮನ ಗುಡಿಗಿ ಎಲ್ಲಾ ತಿರುಗಾಡಿಸಿತು.

2018ರಾಗ ಅದೆಲ್ಲ ಕೂಡಿ ಮೊದಲು ಆರೋಗ್ಯ ಕರ್ನಾಟಕ ಆಯ್ತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಕೂಡ ಸೇರಿತು. ಬಿಪಿಎಲ್ ಇದ್ದವರಿಗಿ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ. ಎಪಿಎಲ್‌ನವರಿಗಿ ಪ್ಯಾಕೇಜಿನ ನೂರಕ್ಕ 30 ಭಾಗ ಸರ್ಕಾರ ಕೊಡ್ತದ, ಕುಟುಂಬಕ್ಕ ವರ್ಷಕ್ಕ ಒಂದೂವರಿ ಲಕ್ಷದ ತನಕ, ಉಳಿದದ್ದು ನಾವೇ ತುಂಬಬೇಕು. ನಮಗ ಒಬ್ಬರು, "ಒಮ್ಮಿ ಮಷೀನ ತಗೊಂಡೀರಿ, ಮತ್ತ ಸಿಗಂಗಿಲ್ಲ" ಅಂದಿದ್ರು. ಐದು ಲಕ್ಷ ವರ್ಷಕ್ಕ ರೀ, ಜನ್ಮಕ್ಕ ಅಲ್ಲ!

ಆದ್ರ ಇಲ್ಲೊಂದು ಗಂಟು ಅದ. ಎದಿ ಹಿಡ್ಕೊಂಡು ಬಿದ್ದಂಥ ತುರ್ತು ಇದ್ರ ನೆಟ್ಟಗ ಯೋಜನಾದಾಗ ಇದ್ದ ದವಾಖಾನಿಗಿ ಹೋಗಬಹುದು. ತುರ್ತು ಇಲ್ಲದ ದೊಡ್ಡ ಕೆಲಸಕ್ಕ ಮೊದಲು ಸರ್ಕಾರಿ ದವಾಖಾನಿಗಿ ಹೋಗಬೇಕು. ಅಲ್ಲಿ ಆಗಂಗಿಲ್ಲಂದ್ರ ಅವರು ರೆಫರಲ್ ಚೀಟಿ ಕೊಡ್ತಾರ. ಆ ಚೀಟಿ ತಗೊಂಡು ಹೋದ್ರ, ಅಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕುಂತಿರ್ತಾರ, ಅವರು ಕಾಗದ ಮ್ಯಾಲ ಕಳಸಿ ಮಂಜೂರಿ ತರಸ್ತಾರ. ಇದಕ್ಕೆಲ್ಲ ದಿನ ಹಿಡೀತದ. ಬ್ಯಾಟ್ರಿ ಕೊಡೂ ಆ ಮೂರು ತಿಂಗಳು ಇರೂದೇ ಇದಕ್ಕ ಅಂತ ತಿಳ್ಕೊಳ್ರಿ. ನಮ್ಮಂಗ ಎರಡು ವರ್ಷ ತಪಾಸಣಿ ತಪ್ಪಿಸಿ, ಕಣ್ಣಿಗಿ ಕತ್ತಲಿ ಬಂದ ಮ್ಯಾಲ ಓಡಿದ್ರ, ಯಾವ ಬಾಗಲ ಮುಂದ ಗಾಡಿ ನಿಲ್ತದೋ ಅದೇ ದವಾಖಾನಿ, ಅವರು ಕೊಟ್ಟದ್ದೇ ಪಟ್ಟಿ. ರೊಕ್ಕ ಮೊದಲು ಕಟ್ಟಿ ಆಮ್ಯಾಲ ಕಾರ್ಡ್ ತೋರಸ್ತೀವಿ ಅಂದ್ರೂ ನಡಿಯಂಗಿಲ್ಲ. ಕಾರ್ಡ್ ಮೊದಲ ದಿನಾನೇ ಮೇಜಿನ ಮ್ಯಾಲ ಬೀಳಬೇಕು.

ನಾವು ಸೇಡಂ ಸರ್ಕಾರಿ ದವಾಖಾನಿಯಿಂದ ಶುರು ಮಾಡಿ, ಕಲಬುರ್ಗಿಗಿ ಹೋಗಿ, ಮೂರು ವಾರದಾಗ ಕೆಲಸ ಮುಗಿಸ್ಕೊಂಡು ಬಂದ್ವಿ. ಬಸ್ಸಿನ ಖರ್ಚು, ಬುತ್ತಿ, ಚಹಾ, ಅಷ್ಟೇ ಖರ್ಚು. ಈಗ ನಮ್ಮ ಕಡಿಯವರಿಗಿ ಎದಿ ರೋಗಕ್ಕ ಬೆಂಗಳೂರ ತನಕ ಓಡೂ ಗರಜ ಕಡಿಮಿ ಆಗ್ಯದ. ಜಯದೇವದ್ದು ಕಲಬುರ್ಗಿ ಶಾಖಾ ಮೊದಲಿಂದ ಇತ್ತು, 2024ರ ಡಿಸೆಂಬರಿನ್ಯಾಗ 371 ಹಾಸಿಗಿದು ದೊಡ್ಡ ಕಟ್ಟಡನೂ ಆಯ್ತು.

ಈಗ ನೆಗೆಣ್ಣಿ ಕೇಳಿದ ಪ್ರಶ್ನಿಗಿ ಬರ್ತೀನಿ. ಛಲೋ ಪ್ರಶ್ನಿ, ಅದಕ್ಕೇ ಬರೀಲತ್ತೀನಿ. "ಅಕ್ಕಾ, ಸರ್ಕಾರನೇ ರೊಕ್ಕ ಕೊಡೂದಿದ್ರ ಅವರು ಯಾವ ಕೋಡ್ ಬರದ್ರ ನಮಗೇನು? ಸಿಂಗಲ್ ಬರೀಲಿ, ಡಬಲ್ ಬರೀಲಿ, ನಮ್ಮ ಗಂಟೇನ ಹೋಗ್ತದ?"

ಹೋಗ್ತದ. ಐದು ಲಕ್ಷ ಮನಿ ಮಂದಿಗೆಲ್ಲ ಕೂಡಿ. ಅತ್ತಿ ಹೆಸರಿನ ಮ್ಯಾಲ ಇಲ್ಲದ ವಾಯರಿಗಿ ರೊಕ್ಕ ಕಳೆದ್ರ, ಅದೇ ವರ್ಷ ಮೈದುನನಿಗಿ ಏನಾರ ಆದ್ರ ಅಷ್ಟು ಕಡಿಮಿ ಉಳೀತದ. ಎಪಿಎಲ್‌ನವರಿಗಂತೂ ನೆಟ್ಟಗ ಪೆಟ್ಟು, ನೂರಕ್ಕ 70 ಅವರೇ ತುಂಬೂದು, ಪ್ಯಾಕೇಜ್ ದೊಡ್ಡದಾದ್ರ ಅವರ ಪಾಲೂ ದೊಡ್ಡದು. ಆದ್ರ ನನಗ ರೊಕ್ಕಕ್ಕಿಂತ ಹೆಚ್ಚು ಅಂಜಿಕಿ ಬ್ಯಾರೆ. ತಪ್ಪು ಬರದ ಕಾಗದ ಅತ್ತಿ ಜೋಡಿನೇ ತಿರುಗಾಡ್ತದ. ನಾಳಿ ರಾತ್ರೋರಾತ್ರಿ ಬ್ಯಾರೆ ಊರಿನ ದವಾಖಾನಿಗಿ ಒಯ್ದ್ರ, ಅಲ್ಲಿನ ಡಾಕ್ಟರು ಕಾಗದ ನೋಡಿ ಎರಡು ವಾಯರ್ ಅದಾವಂತ ತಿಳ್ಕೋತಾರ. ಇಲ್ಲದ ವಾಯರ್ ಎಕ್ಸರೇದಾಗ ಹುಡುಕ್ಕೋತ ಕೂಡ್ತಾರ. ಎಂಆರ್‌ಐ ಮಾಡಸ್ಬೇಕಾದ್ರೂ ಇದೇ ಗೊಂದಲ, ಡಬ್ಬಿ ಹೊಸಾದಿದ್ರೂ ವಾಯರ್ ಹಳೇದಿದ್ರ ಎಂಆರ್‌ಐಗಿ ನಡಿಯೂದು ಇಲ್ಲದ್ದು ಎರಡೂ ನೋಡಿ ಹೇಳಬೇಕು, ಬರೇ ಡಬ್ಬಿ ನೋಡಿ ಹೇಳ್ಲಿಕ್ಕ ಬರಂಗಿಲ್ಲ. ಹೊಸಾ ಅಳವಡಿಕಿ ಅಂತ ಬರದಿದ್ರ ವಾಯರೂ ಹೊಸಾದೇ ಅಂತ ಯಾರಾದ್ರೂ ತಿಳ್ಕೋಬಹುದು.

ಅದಕ್ಕ ನಾ ಅನ್ನೂದು ಇಷ್ಟು. ದವಾಖಾನಿ ಅಂದಾಜು ಪಟ್ಟಿ ಕನ್ನಡದಾಗ ಇರಬೇಕು, ಅದರ ಮ್ಯಾಲ ಹೊಸಾದು ಹಾಕೂದೋ, ಡಬ್ಬಿ ಬದಲೋ, ವಾಯರ್ ಕೂಡ್ಸೂದೋ, ಬಿಡಿಸಿ ಬರೀಬೇಕು. ವಾಯರ್ ಎಷ್ಟು, ಯಾವುದು ಹಳೇದು ಯಾವುದು ಹೊಸಾದು, ಅದೂ ಬರೀಬೇಕು. ಸಹಿ ಮಾಡೂಕಿಂತ ಮೊದಲು ಮನಿಯ ಹೆಣಮಕ್ಕಳ ಮುಂದ ಓದಬೇಕು. ದವಾಖಾನಿ ತಾನು ತಗೊಳ್ಳೋ ರೇಟಿನ ಪಟ್ಟಿ ಕಾಣೂ ಹಂಗ ಹಚ್ಚಬೇಕಂತ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದಾದಾಗೇ ಅದ. 2007ರ ಕಾಯ್ದಾ, 2017ರಾಗ ತಿದ್ದ್ಯಾರ. ಗ್ವಾಡಿ ಮ್ಯಾಲ ಹಚ್ಚಿದ್ದು ಓದಲಿಕ್ಕ ಯಾರ ಪರವಾನಗಿ ಬೇಕು?

ಶಹಾಬಾದ, ವಾಡಿ ಕಡಿಯ ಅಕ್ಕಗೋಳಿಗಿ ಒಂದು ಮಾತು. ನಿಮ್ಮಲ್ಲಿ ಸಿಮೆಂಟ್ ಫ್ಯಾಕ್ಟರಿ, ಕಲ್ಲಿನ ಕೆಲಸದಾಗ ದುಡಿದು ನಿವೃತ್ತಿ ಆದ ಗಂಡಸರು ಬಾಳ ಅದಾರ. ಕನಿಷ್ಠ ಐದು ವರ್ಷ ಇಎಸ್‌ಐ ತುಂಬಿ ನಿವೃತ್ತಿ ಆಗಿದ್ರ, ವರ್ಷಕ್ಕ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಇಎಸ್‌ಐ ಉಪಚಾರ ತಗೊಳ್ಳಬಹುದು. ದೊಡ್ಡ ಆಪರೇಶನ್‌ಗಿ ಏನು ಕೊಡ್ತಾರ ಅಂತ ಮೊದಲೇ ಹೋಗಿ ಕೇಳಿ ಇಡ್ರಿ. ಕಲಬುರ್ಗಿದಾಗ ಇಎಸ್‌ಐ ದೊಡ್ಡ ದವಾಖಾನಿ ಇರೂದೂ ನಮ್ಮ ಸೇಡಂ ರಸ್ತಾದ ಮ್ಯಾಲೇ. ಇನ್ನ ಮಷೀನ ಕೂಡ್ಸಿಕೊಂಡವರು ಮನಿ ಒಳಗಿದ್ರ ವೆಲ್ಡಿಂಗ್ ನಡೂ ಜಾಗಾದಿಂದ ದೂರ ಇಡ್ರಿ, ಮೊಬೈಲ್ ಎಡಗಡಿ ಜಂಪರಿನ್ಯಾಗ ಇಡೂ ರೂಢಿ ಇದ್ರ ಬಿಡಸ್ರಿ. ಒಂದು ಗೇಣಿನ ಅಂತರ ಇರಬೇಕು.

ಸೊಸೈಟಿ ಮೆಂಬರ್ ಇದ್ದವರು ಯಶಸ್ವಿನಿ ನೋಡ್ರಿ. ನಡುವ ನಿಂತಿತ್ತು, 2023ರಿಂದ ಮತ್ತ ಶುರು ಆಗ್ಯದ. ಹಳ್ಳಿಯವರಿಗಿ ನಾಲ್ಕು ಮಂದಿ ಕುಟುಂಬಕ್ಕ 500 ರೂಪಾಯಿ ಅಂತ ಇಟ್ಟಿದ್ರು. ಅದನ್ನ ವರ್ಷಾ ವರ್ಷಾ ತುಂಬಬೇಕು, ಮರ್ತ್ರ ಹೋಯ್ತು. ಖಾಸಗಿ ವಿಮಾ ಮಾಡಿಸೋರಿದ್ರ ಎದ್ಯಾಗ ಮಷೀನ ಇದ್ದದ್ದು ಮುಚ್ಚಿಡಬ್ಯಾಡ್ರಿ. ಮೊದಲೇ ಇದ್ದ ರೋಗಕ್ಕ ಹೆಚ್ಚಂದ್ರ ಮೂರು ವರ್ಷ ಕಾಯಸ್ಬಹುದು ಅಂತ 2024ರಿಂದ ನಿಯಮ ಅದ, ಮುಚ್ಚಿಟ್ಟದ್ದು ಗೊತ್ತಾದ್ರ ಮಾತ್ರ ಒಂದು ಪೈಸಾ ಸಿಗಂಗಿಲ್ಲ.

ಹಾಂ, ಒಂದು ಅಪಶಕುನದ ಮಾತು, ಬರೀದೇ ಇದ್ರೂ ಆಗಂಗಿಲ್ಲ. ಮಣ್ಣಾಗ ಇಡೋರಿಗಿ ತ್ರಾಸ ಇಲ್ಲ. ಸುಡೋರು ಇದ್ರ ಸತ್ತ ಮ್ಯಾಲ ಈ ಡಬ್ಬಿ ತೆಗೆಸಬೇಕು, ಬೆಂಕಿ ಒಳಗ ಅದು ಸಿಡೀತದ. ಈ ಮಾತು ಅತ್ತಿ ಮುಂದ ಹೇಳಿದ್ರ, "ಏ, ನಾ ಹೋದ ಮ್ಯಾಲೂ ಒಂದು ಪಟಾಕಿ ಹೊಡದು ಹೋಗ್ತೀನಿ ಬಿಡು" ಅಂತ ನಕ್ಕರು. ಆವತ್ತ ನನಗ ಗೊತ್ತಾಯ್ತು, ಹೊಸಾ ಬ್ಯಾಟ್ರಿ ಛಲೋ ನಡದದ ಅಂತ.

ಅಕ್ಕನ ಮಗಳು ಇನ್ನೊಂದು ಕತಿ ಹೇಳಿದಳು, ಅದು ಬಾಳ ಮನಸ್ಸಿಗಿ ಹಿಡೀತು. ಜಗತ್ತಿನ್ಯಾಗ ಮೊದಲ ಸಲ ಮೈಯೊಳಗ ಪೇಸ್ಮೇಕರ್ ಕೂಡ್ಸಿದ್ದು 1958ರ ಅಕ್ಟೋಬರ್ 8ಕ್ಕ, ಸ್ವೀಡನ್ ದೇಶದಾಗ, ಆರ್ನೆ ಲಾರ್ಸನ್ ಅನ್ನೋ 43 ವರ್ಷದವನಿಗಿ. ಅವನ ಗುಂಡಿಗಿ ದಿನಕ್ಕ ಎಷ್ಟೋ ಸಲ ನಿಂತು ಬೀಳ್ತಿದ್ದ. ಡಾಕ್ಟರು ಓಕೆ ಸೆನ್ನಿಂಗ್, ಎಂಜಿನಿಯರು ರೂನೆ ಎಲ್ಮ್‌ಕ್ವಿಸ್ಟ್. ಅವರ ಬಲ್ಲಿ ಮನಶ್ಯಾಗ ಕೂಡ್ಸೂ ಮಷೀನ ತಯಾರೇ ಇರಲಿಲ್ಲ. ಲಾರ್ಸನ್ನನ ಹೆಂಡತಿ ಎಲ್ಸೆ ಮರೀ ಬಿಡಲಿಲ್ಲ. ಒಮ್ಮಿ ಡಾಕ್ಟರ ಬಲ್ಲಿ, ಒಮ್ಮಿ ಎಂಜಿನಿಯರ ಬಲ್ಲಿ ತಿರುಗಿ ತಿರುಗಿ, ಮಾಡ್ರಿ ಮಾಡ್ರಿ ಅಂತ ಕಾಡಿ ಮಾಡಿಸಿದಳು. ಮೊದಲನೇದು ಕೆಲವೇ ತಾಸು ನಡದು ನಿಂತಿತು. ಮತ್ತ ಹಾಕಿದ್ರು, ಮತ್ತ ಬದಲ್ ಮಾಡಿದ್ರು. ಹಿಂಗ ಜೀವಮಾನದಾಗ 26 ಮಷೀನ ಆದವಂತ ಅವನಿಗಿ. ಆ ಡಾಕ್ಟರಿಗಿಂತ, ಆ ಎಂಜಿನಿಯರಿಗಿಂತ ಹೆಚ್ಚು ದಿನ ಬದುಕಿ, 2001ರಾಗ 86 ವರ್ಷದವನಾಗಿ ಸತ್ತ, ಅದೂ ಬ್ಯಾರೆ ರೋಗದಿಂದ. ಎಲ್ಸೆ ಮರೀ "ಇರ್ಲಿ ಬಿಡು" ಅಂದಿದ್ರ?

ಈಗ ನಮ್ಮತ್ತಿ ಹೊಸಾ ಕಾರ್ಡ್ ಎಲ್ಲಿ ಅದ ಗೊತ್ತೇನು? ರೇಷನ್ ಕಾರ್ಡಿನ ಚೀಲದಾಗ, ಅದರ ಬಾಜೂಕ ಡಿಸ್ಚಾರ್ಜ್ ಕಾಗದ. ಮಷೀನಿನ ಡಬ್ಬಿಗಿ ಹಚ್ಚಿದ ಸ್ಟಿಕರಿನ ಒಂದು ಕಾಪಿನೂ ಕೇಳಿ ತಂದೀನಿ. ಎಲ್ಲಾದರ ಫೋಟೋ ನನ್ನ ಫೋನಿನ್ಯಾಗ, ಮೈದುನನ ಫೋನಿನ್ಯಾಗ, ಹೈದರಾಬಾದಿನಕಿ ಬಲ್ಲಿ. ಮುಂದಿನ ತಪಾಸಣಿ ತಾರೀಖು ಅಡಗಿ ಮನಿ ಕ್ಯಾಲೆಂಡರಿನ್ಯಾಗ ಕೆಂಪು ಪೆನ್ನಿಲೆ ಬರದೀನಿ, ಗ್ಯಾಸ್ ಬಂದ ತಾರೀಖಿನ ಬಾಜೂಕ.

ಶಹಾಬಾದಿನ ಮೌಶಿ, ನಿಂದೂ ಮಷೀನ ಎಂಟು ವರ್ಷದ್ದು ಆಯ್ತು. ಕಾರ್ಡಿನ ಫೋಟೋ ಕಳಸು ಅಂತ ಮೂರು ಸಲ ಹೇಳೀನಿ, ಇನ್ನೂ ಬಂದಿಲ್ಲ. ಈ ಸೋಮವಾರದ ಒಳಗ ಬರಲಿಲ್ಲಂದ್ರ ನಾನೇ ಬಂದು ನಿನ್ನ ಟ್ರಂಕು ತೆಗೀತೀನಿ.